ಮಕ್ಕಳ ಸೈಕಲ್ ಸುರಕ್ಷತೆ

ಮಕ್ಕಳ ಸೈಕಲ್ ಸುರಕ್ಷತೆ ಎಂದರೆ ಹದಿನೆಂಟು ವರ್ಷದೊಳಗಿನವರು ಸೈಕಲ್ ಸವಾರಿ ಮಾಡುವಾಗ ಅಥವಾ ಹಿಂಬದಿ ಸವಾರರಾಗಿ ಕುಳಿತಿರುವಾಗ ಉಂಟಾಗಬಹುದಾದ ಸಾವುನೋವುಗಳನ್ನು ತಡೆಯಲು ಹಾಗೂ ಅವುಗಳ ತೀವ್ರತೆಯನ್ನು ತಗ್ಗಿಸಲು ಕೈಗೊಳ್ಳುವ ಕ್ರಮಗಳು. ಸೈಕಲ್ಲಿನ ಅಳತೆ, ಬಿರಿ ಮತ್ತು ದೀಪಗಳ ಸ್ಥಿತಿ, ಹೆಲ್ಮೆಟ್ ಧಾರಣೆ, ಸವಾರಿಯ ಕಲಿಕೆ ಇವೆಲ್ಲ ಇದರ ಭಾಗಗಳು. ಆದರೆ ರಸ್ತೆಯ ವಿನ್ಯಾಸ ಹಾಗೂ ಆ ರಸ್ತೆಯಲ್ಲಿ ಓಡುವ ಮೋಟಾರು ವಾಹನಗಳ ವೇಗವು ಇವುಗಳಷ್ಟೇ, ಅನೇಕ ಸಂದರ್ಭಗಳಲ್ಲಿ ಇವುಗಳಿಗಿಂತ ಹೆಚ್ಚು, ಮುಖ್ಯವಾದುದು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 29 ವರ್ಷ ವಯಸ್ಸಿನವರ ಸಾವಿಗೆ ರಸ್ತೆ ಅಪಘಾತವೇ ಮೊದಲ ಕಾರಣ. ಜಗತ್ತಿನ ರಸ್ತೆ ಸಾವುಗಳಲ್ಲಿ ಸೈಕಲ್ ಸವಾರರ ಪಾಲು ಸುಮಾರು ಶೇ. 6. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನ ಮೃತಪಟ್ಟರು. ಅವರಲ್ಲಿ ಸೈಕಲ್ ಸವಾರರು ಸುಮಾರು ಶೇ. 3ರಷ್ಟು. ಮೃತರ ಲೆಕ್ಕ ಇಷ್ಟಾದರೂ ಬಿದ್ದು ಕೈಕಾಲು ಮುರಿದುಕೊಂಡ, ಚಕ್ರದ ಕಡ್ಡಿಗೆ ಹಿಮ್ಮಡಿ ಸಿಕ್ಕಿಸಿಕೊಂಡ ಮಕ್ಕಳಲ್ಲಿ ಬಹುಪಾಲು ಪೊಲೀಸ್ ದಾಖಲೆಗೆ ಸೇರುವುದೇ ಇಲ್ಲ.

ಉಚಿತ ಸೈಕಲ್ ಯೋಜನೆ

ಕರ್ನಾಟಕದ ಗ್ರಾಮೀಣ ಭಾಗದಲ್ಲಿ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಸೈಕಲ್ಲಿನ ಮೇಲೆ ಹೆದ್ದಾರಿಗೆ ಬಂದದ್ದು ಸರ್ಕಾರದ ಉಚಿತ ಸೈಕಲ್ ವಿತರಣಾ ಯೋಜನೆಯಿಂದ. ಯೋಜನೆ 2006-07ನೇ ಸಾಲಿನಲ್ಲಿ ಆರಂಭವಾಯಿತು. ಆಗ ರಾಮನಗರ ಕ್ಷೇತ್ರದ ಶಾಸಕರಾಗಿದ್ದ ಎಚ್. ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಗಳಾಗಿದ್ದರು, ಉಪಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರ ಬಳಿ ಹಣಕಾಸು ಖಾತೆಯಿತ್ತು. ಮೊದಲು ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹೆಣ್ಣುಮಕ್ಕಳಿಗೆ, ಬಳಿಕ ಗಂಡುಮಕ್ಕಳಿಗೂ ವಿಸ್ತರಿಸಿ, ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಎಂಟನೇ ತರಗತಿಯ ವಿದ್ಯಾರ್ಥಿಗಳಿಗೆ ಸೈಕಲ್ ನೀಡಲಾಯಿತು. ವಿದ್ಯಾರ್ಥಿನಿಲಯದಲ್ಲಿ ಇರುವವರನ್ನೂ ಬಸ್ ಪಾಸ್ ಹೊಂದಿದವರನ್ನೂ ಹೊರಗಿಡಲಾಗಿತ್ತು. 2019-20ರ ನಂತರ, ಕೋವಿಡ್ ಕಾಲದಲ್ಲಿ, ವಿತರಣೆ ನಿಂತಿತು.

ಇದೇ ಅವಧಿಯಲ್ಲಿ ಬಿಹಾರ ರಾಜ್ಯವು ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತ್ತು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್, ವಯಸ್ಸಿಗೆ ತಕ್ಕ ತರಗತಿಯಲ್ಲಿ ಹೆಣ್ಣುಮಕ್ಕಳ ದಾಖಲಾತಿ ಶೇ. 32ರಷ್ಟು ಹೆಚ್ಚಿತೆಂದು ಕಂಡುಕೊಂಡರು. ಸುರಕ್ಷತೆಯ ಚರ್ಚೆಯಲ್ಲಿ ಈ ಅಂಶವನ್ನು ಮರೆಯುವಂತಿಲ್ಲ. ಅಪಘಾತದ ಭಯದಿಂದ ಸೈಕಲ್ ಬಿಡಿಸಿದರೆ ಶಾಲೆಯೇ ಬಿಟ್ಟುಹೋಗುವ ಮನೆಗಳು ಇವೆ. ಬಿಡಿಸುವ ಸರದಿ ಬಂದಾಗ ಮೊದಲು ಬಿಡುವವಳು ಮಗಳು.

ಯೋಜನೆಯಡಿ ಸೈಕಲ್ಲುಗಳು ಬಿಡಿಭಾಗಗಳಾಗಿ ಬಂದು ಸ್ಥಳದಲ್ಲೇ ಜೋಡಣೆಯಾಗುತ್ತಿದ್ದವು. ಬಿರಿ ಹಿಡಿಯದಿರುವುದು, ನಟ್ಟು ಸಡಿಲವಿರುವುದು, ರಿಮ್ ಓರೆಯಾಗಿರುವುದು ಮುಂತಾದ ದೂರುಗಳು ಪತ್ರಿಕೆಗಳಲ್ಲಿ ಆಗಾಗ ವರದಿಯಾದವು. ಸೈಕಲ್ ಮನೆಗೆ ತಂದ ಮೊದಲ ಕೆಲಸ ಅದನ್ನು ಸೈಕಲ್ ಶಾಪಿಗೆ ಒಯ್ದು ಮತ್ತೊಮ್ಮೆ ಬಿಗಿ ಮಾಡಿಸುವುದು ಎಂಬುದು ಎಷ್ಟೋ ಊರುಗಳಲ್ಲಿ ರೂಢಿಯೇ ಆಗಿತ್ತು.

ಸಾತನೂರು ಭಾಗದ ರಸ್ತೆಗಳು

ಸಾತನೂರು ಕನಕಪುರ ತಾಲ್ಲೂಕಿನ ಹೋಬಳಿ ಕೇಂದ್ರ. ಇದು 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ ಸೇರಿದ್ದು, 2025ರಲ್ಲಿ ರಾಜ್ಯ ಸರ್ಕಾರವು ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಿತು. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರಗಳ ಮೂಲಕ ಕೊಯಮತ್ತೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ ಊರನ್ನು ಹಾದುಹೋಗುತ್ತದೆ. ಹಿಂದೆ 209 ಎಂದಿದ್ದ ಇದರ ಸಂಖ್ಯೆ ಈಗ 948. ಚನ್ನಪಟ್ಟಣದ ಕಡೆಯಿಂದ ಬರುವ ರಸ್ತೆ ಇಲ್ಲಿಯೇ ಹೆದ್ದಾರಿಯನ್ನು ಸೇರುತ್ತದೆ. ಹೋಬಳಿ ಕೇಂದ್ರವಾದ ಕಾರಣ ಸುತ್ತಲ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆ ಮುಗಿಸಿದ ಮಕ್ಕಳು ಪ್ರೌಢಶಾಲೆಗಾಗಿ ಊರಿಗೆ ಬರಬೇಕು. ಹನ್ನೆರಡು ಹದಿಮೂರು ವರ್ಷದವರು ಹಳ್ಳಿಯ ಓಣಿಯನ್ನು ಬಿಟ್ಟು ಹೆದ್ದಾರಿಯ ಅಂಚಿಗೆ ಬರುವುದು ಇದೇ ಹಂತದಲ್ಲಿ. ರಾಜ್ಯದ ಬಹುತೇಕ ಹೋಬಳಿ ಕೇಂದ್ರಗಳ ಚಿತ್ರವೂ ಇದೇ ಆಗಿರುವುದರಿಂದ ಸಾತನೂರನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಹೆದ್ದಾರಿ ಅಗಲವಾದಂತೆ ವೇಗವೂ ಏರಿದೆ. ರಸ್ತೆಯಂಚಿನ ಬಿಳಿ ಗೆರೆಯ ಆಚೆಗಿನ ಡಾಂಬರು ಪಟ್ಟಿಯೇ ಸೈಕಲ್ಲಿನವರ ಪಾಲಿಗೆ ಉಳಿಯುವ ಜಾಗ. ಬಸ್ಸು ನಿಲ್ಲುವುದು, ಲಾರಿ ತಂಗುವುದು, ಗೂಡ್ಸ್ ಆಟೋ ಎದುರು ದಿಕ್ಕಿನಿಂದ ಬರುವುದು ಕೂಡ ಅದೇ ಪಟ್ಟಿಯ ಮೇಲೆ. ನಿಂತ ವಾಹನವನ್ನು ಬಳಸಲು ಮಗು ಬಲಕ್ಕೆ ಹೊರಳಿದ ಕ್ಷಣವೇ ಹಿಂದಿನಿಂದ ಬರುವ ಲಾರಿಯ ದಾರಿಗೆ ಬಂದುಬಿಡುತ್ತದೆ. ತಿರುಗಿ ನೋಡಿಯೇ ಹೊರಳಬೇಕೆಂದು ಹೇಳುವುದು ಸುಲಭ. ಆದರೆ ಬೆನ್ನಿನ ಮೇಲೆ ಪುಸ್ತಕದ ಚೀಲ ಹೊತ್ತ ಮಗು ಹಿಂದಿರುಗಿ ನೋಡಿದಾಗ ಹ್ಯಾಂಡಲ್ಲೂ ಅದೇ ಕಡೆಗೆ ತಿರುಗುತ್ತದೆ. ಆದ್ದರಿಂದ ನಿಂತ ಬಸ್ಸಿನ ಹಿಂದೆ ತಾನೂ ನಿಲ್ಲುವುದನ್ನು ಕಲಿಸುವುದು ಹೆಚ್ಚು ಕ್ಷೇಮ.

ಈ ಭಾಗಕ್ಕೇ ವಿಶಿಷ್ಟವಾದ, ಹೊರಗಿನ ಕೈಪಿಡಿಗಳಲ್ಲಿ ಕಾಣದ, ಒಂದು ಅಪಾಯ ರಸ್ತೆಯ ಮೇಲಿನ ಒಕ್ಕಣೆ. ಮಂಡ್ಯ, ಮೈಸೂರು, ರಾಮನಗರದ ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿ ಮುಂತಾದ ಬೆಳೆಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಓಡಾಡುವ ವಾಹನಗಳ ಗಾಲಿಯಿಂದಲೇ ತುಳಿಸಿ ಕಾಳು ಬಿಡಿಸಿಕೊಳ್ಳುವ ಪರಿಪಾಠವಿದೆ. ಪ್ರತಿ ಮನೆಯಲ್ಲೂ ಕಣ ಮಾಡುತ್ತಿದ್ದ ಕಾಲ ಹೋಯಿತು. ಕೂಲಿಯೂ ದುಬಾರಿ, ಸಗಣಿ ಸಾರಿಸಿ ಕಣ ಕಟ್ಟುವ ಜಾಗವೂ ಇಲ್ಲ. ರೈತನ ಕಡೆಯಿಂದ ನೋಡಿದರೆ ಇದಕ್ಕೆ ಕಾರಣಗಳಿವೆ. ಸೈಕಲ್ಲಿಗೆ ಮಾತ್ರ ಇದು ಮೂರು ಬಗೆಯಲ್ಲಿ ಕಂಟಕ: ಹುರುಳಿಯ ಒಣಬಳ್ಳಿ ಚೈನಿಗೂ ಕಡ್ಡಿಗೂ ಸುತ್ತಿಕೊಳ್ಳುತ್ತದೆ, ಕಾಳಿನ ಮೇಲೆ ಟೈರು ಜಾರುತ್ತದೆ, ರಾಶಿ ಚೆದುರದಂತೆ ಅಂಚಿಗೆ ಇಟ್ಟ ಕಲ್ಲುಗಳು ಸಂಜೆಯ ನಂತರ ಕಾಣುವುದಿಲ್ಲ. ಅಂಥ ಕಡೆ ಇಳಿದು ತಳ್ಳಿಕೊಂಡು ಹೋಗುವುದೊಂದೇ ದಾರಿ. ಕಾಳು ಬಾಚಿದ ಮೇಲೆ ಕಲ್ಲನ್ನೂ ತೆಗೆಯುವುದು ರಾಶಿ ಮಾಡಿದವರ ಹೊಣೆ.

ಕಾವೇರಿ ವನ್ಯಜೀವಿಧಾಮಕ್ಕೆ ಸಮೀಪವಿರುವ ಕಾರಣ ಕನಕಪುರ ಮತ್ತು ಚನ್ನಪಟ್ಟಣ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಿಗೆ ಆನೆಗಳು ಬರುವುದುಂಟು. ರಾತ್ರಿ ಗದ್ದೆ ತೋಟಗಳಲ್ಲಿ ಮೇಯ್ದು ಬೆಳಗಿನ ಜಾವ ಕಾಡಿಗೆ ಮರಳುವ ಹೊತ್ತಿಗೆ ವಿಶೇಷ ತರಗತಿಗೆ ಹೊರಟ ಮಕ್ಕಳೂ ದಾರಿಯಲ್ಲಿರುತ್ತಾರೆ. ಸೈಕಲ್ಲಿಗೆ ಎಂಜಿನ್ನಿನ ಸದ್ದಿಲ್ಲವಾದ್ದರಿಂದ ತಿರುವಿನಲ್ಲಿ ಆನೆಗೂ ಮಗುವಿಗೂ ಪರಸ್ಪರ ಸುಳಿವು ಸಿಗುವುದಿಲ್ಲ. ಆನೆ ಕಂಡ ಸುದ್ದಿಯಿದ್ದ ದಿನ ಬೆಳಕು ಹರಿಯುವವರೆಗೆ ಹೊರಡದಿರುವುದು, ಹೊರಟರೆ ಗುಂಪಾಗಿ ಹೋಗುವುದು ವಾಡಿಕೆ.

ಜಿಲ್ಲೆಯ ಇನ್ನೊಂದು ಮಗ್ಗುಲಲ್ಲಿ, ಬಿಡದಿ, ರಾಮನಗರ, ಚನ್ನಪಟ್ಟಣಗಳ ಮೂಲಕ ಸಾಗುವ ಬೆಂಗಳೂರು–ಮೈಸೂರು ಹೆದ್ದಾರಿ (ರಾಷ್ಟ್ರೀಯ ಹೆದ್ದಾರಿ 275) 2023ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ಉದ್ಘಾಟನೆಯಾಯಿತು. ಅದರ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳ ಜೊತೆಗೆ ಎಂಜಿನ್ ಇಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಹೀಗಾಗಿ ಸೈಕಲ್ ಸವಾರರು ಸರ್ವೀಸ್ ರಸ್ತೆಯನ್ನೇ ಬಳಸಬೇಕು.

ಮಗು ರಸ್ತೆಯನ್ನು ಗ್ರಹಿಸುವ ಬಗೆ

ಮಕ್ಕಳ ಅಪಘಾತಗಳನ್ನು ತುಂಟತನ ಅಥವಾ ಅಜಾಗರೂಕತೆಯ ಲೆಕ್ಕಕ್ಕೆ ಸೇರಿಸುವುದು ಎಲ್ಲೆಡೆ ಕಾಣುವ ಅಭ್ಯಾಸ. ಸಂಶೋಧನೆಗಳು ಬೇರೆಯದನ್ನು ಹೇಳುತ್ತವೆ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಜಾನ್ ವಾನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಗಂಟೆಗೆ ಸುಮಾರು 32 ಕಿ.ಮೀ.ಗಿಂತ ವೇಗವಾಗಿ ಬರುತ್ತಿರುವ ವಾಹನವು ತಮ್ಮತ್ತ ಸಮೀಪಿಸುತ್ತಿದೆ ಎಂಬುದನ್ನೇ ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳು ಖಚಿತವಾಗಿ ಗುರುತಿಸಲಾರರು. ದೂರದಲ್ಲಿ ವಾಹನದ ಆಕಾರ ಕಣ್ಣಿಗೆ ಹಿಗ್ಗುವ ಪ್ರಮಾಣ ಅತ್ಯಲ್ಪವಾಗಿದ್ದು, ಅದನ್ನು ಗ್ರಹಿಸುವ ಶಕ್ತಿ ವಯಸ್ಸಿನೊಂದಿಗೆ ಬೆಳೆಯುವಂಥದು. ಎಂದರೆ, ಲಾರಿಯನ್ನು ನೋಡಿದ ಮಗುವಿಗೂ ಅದು ನಿಂತಂತೆ ತೋರಬಹುದು.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಜೋಡಿ ಪ್ಲಮರ್ಟ್ ಮತ್ತು ಸಂಗಡಿಗರು ಪರದೆಯ ಮೇಲೆ ಮೂಡಿಸಿದ ಕೃತಕ ರಸ್ತೆಯ ಮುಂದೆ ನಿಜವಾದ ಸೈಕಲ್ ಇಟ್ಟು ನಡೆಸಿದ ಪ್ರಯೋಗಗಳು ಇನ್ನೊಂದು ಮುಖವನ್ನು ತೋರಿಸಿದವು. ಎರಡು ವಾಹನಗಳ ನಡುವಣ ಎಷ್ಟು ಅಂತರದಲ್ಲಿ ದಾಟಬಹುದೆಂಬ ಆಯ್ಕೆಯಲ್ಲಿ 10 ಮತ್ತು 12 ವರ್ಷದ ಮಕ್ಕಳು ವಯಸ್ಕರಂತೆಯೇ ವರ್ತಿಸಿದರು. ಆದರೆ ಹೊರಡುವುದರಲ್ಲಿ ತಡಮಾಡಿದ್ದರಿಂದ ಆಚೆ ಬದಿ ತಲಪುವಾಗ ಅವರ ಹಿಂದೆ ಉಳಿದ ಸಮಯ ವಯಸ್ಕರದಕ್ಕಿಂತ ಕಡಿಮೆಯಿತ್ತು. ಪೆಡಲ್ಲಿನ ಮೇಲೆ ಕಾಲಿಟ್ಟು, ತೂಕ ಹಾಕಿ, ಸಮತೋಲ ಹಿಡಿಯುವ ಒಂದೆರಡು ಕ್ಷಣಗಳೇ ಇಲ್ಲಿ ನಿರ್ಣಾಯಕ.

ಈ ತಿಳಿವಳಿಕೆಯನ್ನು ಸಾತನೂರಿನಂಥ ಹೆದ್ದಾರಿಗೆ ಅನ್ವಯಿಸಿ ನೋಡಬಹುದು. ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನಿಂತಲ್ಲಿಂದ ಹೊರಟ ಮಗು ಹತ್ತು ಮೀಟರ್ ಅಗಲದ ರಸ್ತೆ ದಾಟಲು ಐದಾರು ಸೆಕೆಂಡು ತೆಗೆದುಕೊಂಡರೆ ಅಷ್ಟರಲ್ಲಿ ಆ ವಾಹನ 110ರಿಂದ 130 ಮೀಟರ್ ಬಂದಿರುತ್ತದೆ. ತಿರುವು ಅಥವಾ ಏರಿನ ಬಳಿ ಅಷ್ಟು ದೂರ ಕಾಣುವುದೇ ಇಲ್ಲ. ಹೀಗಾಗಿ ಪ್ರೌಢಶಾಲೆಯ ಮಕ್ಕಳೂ ಸೇರಿದಂತೆ ಎಲ್ಲರೂ ಹೆದ್ದಾರಿಯನ್ನು ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು, ಎರಡೂ ಕಡೆ ದೂರ ಕಾಣುವ ಜಾಗದಲ್ಲಿ ದಾಟಬೇಕು. ಹತ್ತು ವರ್ಷದೊಳಗಿನವರನ್ನು ಹಿರಿಯರ ಜೊತೆಯಿಲ್ಲದೆ ಹೆದ್ದಾರಿಗೆ ಬಿಡಬಾರದು.

ಅಪ್ಪಳಿಸುವ ವಾಹನದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ; 60 ಕಿ.ಮೀ. ವೇಗದ ಪೆಟ್ಟು 30 ಕಿ.ಮೀ. ವೇಗದ ಪೆಟ್ಟಿನ ನಾಲ್ಕು ಪಟ್ಟು. ಪಾದಚಾರಿಗಳು, ಸೈಕಲ್ ಸವಾರರು ಮತ್ತು ಮೋಟಾರು ವಾಹನಗಳು ಬೆರೆಯುವ ಜಾಗಗಳಲ್ಲಿ ಗರಿಷ್ಠ ವೇಗ 30 ಕಿ.ಮೀ. ಇರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳುವುದು ಈ ಕಾರಣಕ್ಕೇ. ಶಾಲೆಯ ಮುಂದಿನ ಉಬ್ಬು, ಬಣ್ಣ ಬಳಿದ ದಾಟುಪಟ್ಟಿ, ಸೈಕಲ್ಲಿಗೆಂದೇ ಬೇರ್ಪಡಿಸಿದ ಅಂಚು ಇವುಗಳ ಬದಲು ಮಕ್ಕಳಿಗೆ ಉಪನ್ಯಾಸ ಏರ್ಪಡಿಸುವುದು ಅಗ್ಗ; ಫಲವೂ ಅಷ್ಟೇ.

ಸೈಕಲ್ಲಿನ ಅಳತೆ ಮತ್ತು ಸ್ಥಿತಿ

ಮುಂದೆ ಬೆಳೆಯುತ್ತಾನೆ ಎಂದು ಅಂಗಿ ಹೊಲಿಸುವಂತೆ ಸೈಕಲ್ಲನ್ನೂ ದೊಡ್ಡದಾಗಿ ಕೊಡಿಸುವುದು ಅಪಾಯಕಾರಿ. ಸೀಟಿನ ಮುಂದೆ ಕಂಬಿಯ ಮೇಲೆ ಕಾಲಗಲಿಸಿ ನಿಂತಾಗ ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಬೇಕು, ಕಂಬಿಗೂ ದೇಹಕ್ಕೂ ನಡುವೆ ಎರಡು ಬೆರಳಾದರೂ ಜಾಗವಿರಬೇಕು. ಹೊಸದಾಗಿ ಕಲಿಯುವವರಿಗೆ ಸೀಟಿನ ಮೇಲೆ ಕುಳಿತಾಗಲೂ ಕಾಲು ನೆಲಕ್ಕೆ ಎಟಕುವಷ್ಟು ಸೀಟನ್ನು ಇಳಿಸಬೇಕು. ಚಕ್ರದ ಅಳತೆ ಸುಮಾರಾಗಿ ಐದಾರು ವರ್ಷಕ್ಕೆ 16 ಇಂಚು, ಏಳರಿಂದ ಒಂಬತ್ತಕ್ಕೆ 20, ಅನಂತರ 24 ಎಂದು ಹೇಳಲಾಗುತ್ತದೆಯಾದರೂ ವಯಸ್ಸಿಗಿಂತ ಎತ್ತರವೇ ಮುಖ್ಯ. ಎಂಟನೇ ತರಗತಿಯಲ್ಲಿ ಒಂದೇ ಬೆಂಚಿನ ಮಕ್ಕಳ ಎತ್ತರದಲ್ಲಿ ಒಂದಡಿಯವರೆಗೂ ವ್ಯತ್ಯಾಸ ಇರುವುದರಿಂದ ಸಗಟಾಗಿ ಹಂಚುವ ಸೈಕಲ್ಲು ಕೆಲವರಿಗೆ ಎತ್ತರವಾಗಿಯೇ ಇರುತ್ತದೆ. ಅವರಿಗೆ ಸೀಟನ್ನು ಪೂರ್ತಿ ಇಳಿಸಿಕೊಡಬೇಕು. ದೊಡ್ಡವರ ಸೈಕಲ್ಲಿನ ಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿಯುತ್ತಿದ್ದ ಹಿಂದಿನ ತಲೆಮಾರಿನ ಕಲಿಕೆಯನ್ನು ಅನೇಕರು ಅಭಿಮಾನದಿಂದ ನೆನೆಯುತ್ತಾರೆ. ಆಗ ರಸ್ತೆಯಲ್ಲಿ ಎದುರಾಗುತ್ತಿದ್ದುದು ಎತ್ತಿನ ಗಾಡಿ.

ಭಾರತದಲ್ಲಿ ಸಾಮಾನ್ಯವಾಗಿ ಬಲಗೈ ಬಿರಿ ಮುಂದಿನ ಚಕ್ರಕ್ಕೂ ಎಡಗೈ ಬಿರಿ ಹಿಂದಿನದಕ್ಕೂ ಸೇರಿರುತ್ತದೆ. ಇಳಿಜಾರಿನಲ್ಲಿ ಗಾಬರಿಯಾಗಿ ಮುಂದಿನದನ್ನು ಮಾತ್ರ ಬಿಗಿಯಾಗಿ ಹಿಡಿದರೆ ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಬೀಳುವುದು ಖಚಿತ. ಎರಡನ್ನೂ ಒಟ್ಟಿಗೆ, ಹಿಂದಿನದನ್ನು ತುಸು ಮೊದಲು, ಹಿಡಿಯುವುದನ್ನು ಬಯಲಿನಲ್ಲಿ ಅಭ್ಯಾಸ ಮಾಡಿಸಬೇಕು. ಅಗ್ಗದ ಸೈಕಲ್ಲುಗಳ ಹೊಳೆಯುವ ಉಕ್ಕಿನ ರಿಮ್ ಮಳೆಯಲ್ಲಿ ನೆನೆದಾಗ ಬಿರಿಯ ರಬ್ಬರು ಜಾರಿ, ನಿಲ್ಲಲು ಒಣ ದಿನಕ್ಕಿಂತ ಬಹಳ ಹೆಚ್ಚು ದೂರ ಬೇಕಾಗುತ್ತದೆ. ಮಳೆಗಾಲದಲ್ಲಿ ಆಗಾಗ ಬಿರಿಯನ್ನು ಹಗುರವಾಗಿ ಹಿಡಿದು ರಿಮ್ಮಿನ ನೀರು ಒರೆಸಿಕೊಳ್ಳುತ್ತಾ ಸಾಗಬೇಕು.

ದಿನವೂ ಹೊರಡುವ ಮೊದಲು ಗಾಳಿ, ಬಿರಿ, ಚೈನು ನೋಡಿಕೊಳ್ಳಲು ಒಂದು ನಿಮಿಷ ಸಾಕು. ಹ್ಯಾಂಡಲ್ಲಿನ ತುದಿಯ ರಬ್ಬರು ಹಿಡಿ ಕಳೆದುಹೋಗಿದ್ದರೆ ಅದನ್ನು ಅಲಕ್ಷಿಸಬಾರದು. ಬಿದ್ದಾಗ ಆ ಬರಿಯ ಕೊಳವೆ ಹೊಟ್ಟೆಗೆ ಒತ್ತಿ ಆಳವಾದ ಗಾಯ ಮಾಡುತ್ತದೆ. ಕೆಲವೇ ರೂಪಾಯಿಯ ವಸ್ತು ಅದು.

ಹೆಣ್ಣುಮಕ್ಕಳ ಸಮವಸ್ತ್ರದ ವೇಲನ್ನು ಎರಡೂ ಕಡೆ ಪಿನ್ನು ಹಾಕಿ, ತುದಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಕು. ಚಕ್ರಕ್ಕೆ ಸಿಕ್ಕ ವೇಲು ಕುತ್ತಿಗೆಯನ್ನು ಹಠಾತ್ತನೆ ಬಿಗಿಯುತ್ತದೆ. ಸೈಕಲ್ಲಿನ ಚೈನ್ ಕವರ್ ಮತ್ತು ಹಿಂಚಕ್ರದ ಬದಿಯ ಜಾಲರಿ ಇರುವುದೇ ಲಂಗ, ಚೂಡಿದಾರಗಳು ಸಿಕ್ಕದಿರಲೆಂದು.

ಕತ್ತಲೆ

ಬೆಂಗಳೂರಿನ ಸುತ್ತಮುತ್ತ ನವೆಂಬರ್ ಮಧ್ಯದಲ್ಲಿ ಸೂರ್ಯ ಸಂಜೆ 5:50ರ ಸುಮಾರಿಗೆ ಮುಳುಗುತ್ತಾನೆ. ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿಗಳು ನಡೆಯುವುದೂ ಸರಿಸುಮಾರು ಇದೇ ತಿಂಗಳುಗಳಲ್ಲಿ. ಸಂಜೆ ಐದೂವರೆಗೋ ಆರಕ್ಕೋ ಶಾಲೆ ಬಿಟ್ಟ ಮಗು ನಾಲ್ಕೈದು ಕಿ.ಮೀ. ದೂರದ ಹಳ್ಳಿಗೆ ಕತ್ತಲೆಯಲ್ಲೇ ಹೋಗಬೇಕು. ಸುಗ್ಗಿಯ ಕಲ್ಲು, ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ರಸ್ತೆಯಲ್ಲಿರುವುದೂ ಆಗಲೇ. ಒಂದು ವರ್ಷದ ಎಲ್ಲ ಅಪಾಯಗಳೂ ಈ ಎರಡು ಮೂರು ತಿಂಗಳಲ್ಲಿ ಒಟ್ಟುಗೂಡುತ್ತವೆ ಎನ್ನಬಹುದು. ವಿಶೇಷ ತರಗತಿಯನ್ನು ಸಂಜೆಯ ಬದಲು ಬೆಳಕಿರುವ ಹೊತ್ತಿಗೆ ಹೊಂದಿಸುವುದು ಶಾಲೆಯ ಕೈಯಲ್ಲೇ ಇರುವ, ಖರ್ಚಿಲ್ಲದ ಕ್ರಮ.

ಡೈನಮೋ ದೀಪ ಈಗ ಅಪರೂಪ. ಅದರ ಜಾಗಕ್ಕೆ ಬ್ಯಾಟರಿಯ ಪುಟ್ಟ ದೀಪಗಳು ಬಂದಿವೆ. ಮುಂದೆ ಬಿಳಿ, ಹಿಂದೆ ಕೆಂಪು ಇರಬೇಕು. ಮುಂದಿನ ದೀಪ ದಾರಿ ಕಾಣಲು, ಹಿಂದಿನದು ಇತರರಿಗೆ ತಾನು ಕಾಣಲು. ಎರಡರಲ್ಲಿ ಒಂದನ್ನೇ ಕೊಳ್ಳಲು ಸಾಧ್ಯವಿದ್ದರೆ ಹಿಂದಿನದನ್ನು ಕೊಳ್ಳುವುದು ಲೇಸು, ಏಕೆಂದರೆ ಹಿಂದಿನಿಂದ ಬರುವ ವಾಹನವನ್ನು ಮಗು ತಾನಾಗಿ ತಪ್ಪಿಸಿಕೊಳ್ಳಲಾರದು. ಸೈಕಲ್ಲುಗಳ ಪ್ರತಿಫಲಕಗಳ ಗುಣಮಟ್ಟ ಕುರಿತು ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಹೊರಡಿಸಿತು. ಮಡ್‌ಗಾರ್ಡಿನ ಕೆಂಪು ಪ್ರತಿಫಲಕ ಕೆಸರಿನಿಂದ ಮುಚ್ಚಿದ್ದರೆ ಇದ್ದೂ ಇಲ್ಲದಂತೆ. ಪೆಡಲ್ಲಿನ ಪ್ರತಿಫಲಕ ಮೇಲೆ ಕೆಳಗೆ ಆಡುವುದರಿಂದ ದೂರದಿಂದಲೇ ಸೈಕಲ್ಲೆಂದು ಗುರುತು ಸಿಗುತ್ತದೆ.

ಹೆಲ್ಮೆಟ್

ಜೇಕ್ ಆಲಿವಿಯರ್ ಮತ್ತು ಪ್ರುಡೆನ್ಸ್ ಕ್ರೈಟನ್ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯ ಪ್ರಕಾರ, ಬಿದ್ದ ಅಥವಾ ಡಿಕ್ಕಿಗೊಳಗಾದ ಸೈಕಲ್ ಸವಾರರಲ್ಲಿ ಹೆಲ್ಮೆಟ್ ಧರಿಸಿದವರಿಗೆ ತಲೆಗೆ ಪೆಟ್ಟಾಗುವ ಸಂಭವ ಶೇ. 51ರಷ್ಟು, ಗಂಭೀರ ಪೆಟ್ಟಾಗುವ ಸಂಭವ ಶೇ. 69ರಷ್ಟು ಕಡಿಮೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲಿ ಎಲ್ಲ ಸೈಕಲ್ ಸವಾರರಿಗೂ, ಸ್ವೀಡನ್ 2005ರಲ್ಲಿ 15 ವರ್ಷದೊಳಗಿನವರಿಗೂ ಇದನ್ನು ಕಡ್ಡಾಯ ಮಾಡಿದವು. ಭಾರತದ ಮೋಟಾರು ವಾಹನ ಕಾಯಿದೆಯ 129ನೇ ವಿಧಿ ಮೋಟಾರು ಸೈಕಲ್ಲಿಗೆ ಅನ್ವಯಿಸುತ್ತದೆಯೇ ಹೊರತು ಸೈಕಲ್ಲಿಗಲ್ಲ.

ಹಳ್ಳಿಯ ಶಾಲೆಯಲ್ಲಿ ಹೆಲ್ಮೆಟ್ ತೊಟ್ಟ ಮಗು ಅಪರೂಪ. ತೊಟ್ಟರೆ ಗೆಳೆಯರ ನಗೆಗೆ ಗುರಿ. ಮನೆಯಲ್ಲಿರುವ ಬೈಕಿನ ಹೆಲ್ಮೆಟ್ಟನ್ನು ಮಗುವಿಗೆ ಹಾಕುವುದು ಪರಿಹಾರವಲ್ಲ, ಅದರ ಭಾರಕ್ಕೆ ಕುತ್ತಿಗೆ ಸೋಲುತ್ತದೆ, ಕಿವಿ ಮುಚ್ಚುತ್ತದೆ. ಸೈಕಲ್ ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಅಡ್ಡಲಾಗಿ ಕೂರಬೇಕು, ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು, ಗದ್ದದ ಕೆಳಗೆ ಒಂದೆರಡು ಬೆರಳು ತೂರುವಷ್ಟು ಮಾತ್ರ ಸಡಿಲವಿರಬೇಕು. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ನೊರೆಪದರ ಕುಗ್ಗಿರುವುದರಿಂದ ಅದನ್ನು ಮತ್ತೆ ಬಳಸಬಾರದು. ಲಾರಿಯ ಗಾಲಿಯಿಂದ ಯಾವ ಹೆಲ್ಮೆಟ್ಟೂ ಕಾಪಾಡದು ಎಂಬುದನ್ನೂ ಹೇಳಬೇಕು. ಅದು ಬೀಳುವಿಕೆಯ ಪೆಟ್ಟಿಗೆ ರಕ್ಷೆ.

ಹಿಂಬದಿ ಸವಾರಿ

ತಮ್ಮನನ್ನೋ ತಂಗಿಯನ್ನೋ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಡಬಲ್ಸ್ ಹೋಗುವುದು ಎಲ್ಲೆಡೆ ರೂಢಿ. ಇಲ್ಲಿ ಹೆಚ್ಚಾಗಿ ಗಾಯಗೊಳ್ಳುವುದು ಹಿಂದೆ ಕುಳಿತ ಚಿಕ್ಕ ಮಗು. ಜೋತುಬಿದ್ದ ಕಾಲು ಕಡ್ಡಿಗಳ ನಡುವೆ ಸಿಕ್ಕಿ ಹಿಮ್ಮಡಿ ಮತ್ತು ಕಣಕಾಲಿನ ಚರ್ಮ ಸುಲಿಯುತ್ತದೆ, ಕೆಲವೊಮ್ಮೆ ಮೂಳೆಯೂ ಮುರಿಯುತ್ತದೆ. ಮೇಲ್ನೋಟಕ್ಕೆ ಸಣ್ಣದೆನಿಸಿದರೂ ಜಜ್ಜಿದ ಚರ್ಮ ಕೆಲವು ದಿನಗಳಲ್ಲಿ ಕಪ್ಪಾಗಿ ಕಳಚುವುದುಂಟು. ಆದ್ದರಿಂದ ಅದೇ ದಿನ ವೈದ್ಯರಿಗೆ ತೋರಿಸಬೇಕು. ಚಕ್ರದ ಬದಿಗೆ ಜಾಲರಿ, ಕಾಲಿಡಲು ಮೆಟ್ಟು, ಪಾದಕ್ಕೆ ಬೂಟು ಇದ್ದರೆ ಈ ಗಾಯವನ್ನು ಬಹುಮಟ್ಟಿಗೆ ತಡೆಯಬಹುದು.

ಕಲಿಕೆ

ನೆದರ್ಲೆಂಡ್ಸ್‌ನಲ್ಲಿ ಶಾಲಾ ಮಕ್ಕಳಿಗೆ ಸಂಚಾರ ಪರೀಕ್ಷೆ 1932ರಿಂದ ನಡೆದುಬಂದಿದೆ. ಅದರ ಪ್ರಾಯೋಗಿಕ ಭಾಗದಲ್ಲಿ ಮಕ್ಕಳು ನಿಜವಾದ ರಸ್ತೆಯಲ್ಲಿ ಸೈಕಲ್ ಓಡಿಸಿ ತೋರಿಸಬೇಕು. ಇಲ್ಲಿ ಅಷ್ಟು ವ್ಯವಸ್ಥೆ ಇಲ್ಲದಿದ್ದರೂ ಶಾಲೆಯ ಆಟದ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ದೈಹಿಕ ಶಿಕ್ಷಕರು ಮಾಡಿಸಬಹುದಾದ ಅಭ್ಯಾಸಗಳಿವೆ: ನೇರ ಗೆರೆಯಲ್ಲಿ ನಿಧಾನವಾಗಿ ಸಾಗುವುದು, ಗೆರೆ ತಪ್ಪದೆ ಹಿಂದಿರುಗಿ ನೋಡುವುದು, ಒಂದು ಕೈ ಚಾಚಿ ತಿರುವಿನ ಸೂಚನೆ ಕೊಡುವುದು, ಸೀಟಿ ಊದಿದೊಡನೆ ನಿಲ್ಲುವುದು. ಹಿಂದಿರುಗಿ ನೋಡುವುದು ಬಂದ ಮೇಲೆಯೇ ರಸ್ತೆಗೆ ಬಿಡಬೇಕು. ಸವಾರಿಯನ್ನೇ ಹೊಸದಾಗಿ ಕಲಿಯುವ ಚಿಕ್ಕವರಿಗೆ ಎರಡೂ ಪೆಡಲ್ ಕಳಚಿ, ಸೀಟು ತಗ್ಗಿಸಿ, ಕಾಲಿನಿಂದ ನೆಲ ತಳ್ಳುತ್ತಾ ಸಮತೋಲ ಕಲಿಸುವುದು ಹಿಂದೆ ಓಡುತ್ತಾ ಹಿಡಿದು ಕಲಿಸುವುದಕ್ಕಿಂತ ಸುಲಭ.

ಗುಂಪಿನಲ್ಲಿ ಬರುವಾಗ ಜೋಡಿಯಾಗಿ ಮಾತಾಡುತ್ತಾ ಸಾಗುವ ಬದಲು ಎಡ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು ಬರಬೇಕು. ಚಿಕ್ಕವರು ನಡುವೆ, ಅನುಭವಿಗಳು ಮುಂದೆ ಮತ್ತು ಕೊನೆಯಲ್ಲಿ. ಬಸ್ಸು ಲಾರಿಗಳ ಎಡಬದಿಯಲ್ಲಿ ನುಸುಳುವುದು ಅತ್ಯಂತ ಅಪಾಯಕಾರಿ, ಚಾಲಕನಿಗೆ ಆ ಜಾಗ ಕಾಣುವುದಿಲ್ಲ. ನಾಯಿ ಅಟ್ಟಿಸಿಕೊಂಡು ಬಂದಾಗ ಜೋರಾಗಿ ತುಳಿದು ರಸ್ತೆಯ ಮಧ್ಯಕ್ಕೆ ಹೋಗುವುದು ಸಹಜ ಪ್ರತಿಕ್ರಿಯೆ, ಅಪಾಯವಿರುವುದೂ ಅಲ್ಲೇ. ಇಳಿದು ಸೈಕಲ್ಲನ್ನು ತನಗೂ ನಾಯಿಗೂ ನಡುವೆ ಇಟ್ಟು ನಿಂತರೆ ಬಹುತೇಕ ನಾಯಿಗಳು ಹಿಂಜರಿಯುತ್ತವೆ.

ಗಾಯವಾದಾಗ

ಹ್ಯಾಂಡಲ್ಲಿನ ತುದಿ ಹೊಟ್ಟೆಗೆ ತಗಲಿ ಬಿದ್ದ ಮಗುವಿಗೆ ಹೊರಗೆ ಸಣ್ಣ ಗುಂಡು ಗುರುತು ಮಾತ್ರ ಇರಬಹುದು, ಒಳಗೆ ಯಕೃತ್ತು, ಗುಲ್ಮ ಅಥವಾ ಮೇದೋಜೀರಕ ಗ್ರಂಥಿಗೆ ಪೆಟ್ಟಾಗಿರಬಹುದು. ಕೆಲವು ಗಂಟೆಗಳ ನಂತರ ಹೊಟ್ಟೆನೋವು ಹೆಚ್ಚುವುದು, ವಾಂತಿ, ಮುಖ ಬಿಳಿಚಿಕೊಳ್ಳುವುದು, ಕಾರಣವಿಲ್ಲದೆ ಎಡ ಭುಜ ನೋಯುವುದು ಕಂಡರೆ ತಡಮಾಡಬಾರದು. ಮನೆಯಲ್ಲಿ ಬೈಯುತ್ತಾರೆಂದು ಮಕ್ಕಳು ಬಿದ್ದುದನ್ನೇ ಮುಚ್ಚಿಡುತ್ತಾರೆ. ಬೈಗುಳಕ್ಕೆ ಮೊದಲು ಹೊಟ್ಟೆ ನೋಡುವುದು ಒಳ್ಳೆಯದು.

ತಲೆಗೆ ಪೆಟ್ಟಾದ ಮೇಲೆ ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ತೂಕಡಿಕೆ ಅಥವಾ ತೊದಲು ಕಂಡರೆ, ಕಿವಿ ಮೂಗಿನಿಂದ ರಕ್ತ ಅಥವಾ ನೀರಿನಂಥ ದ್ರವ ಬಂದರೆ ಆಸ್ಪತ್ರೆಗೆ ಸಾಗಿಸಬೇಕು. ಮಿದುಳಿನ ಶಸ್ತ್ರಚಿಕಿತ್ಸೆಯ ದೊಡ್ಡ ಕೇಂದ್ರಗಳಲ್ಲೊಂದಾದ ನಿಮ್ಹಾನ್ಸ್ ಬೆಂಗಳೂರಿನಲ್ಲಿದ್ದು, ಸಾತನೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಇದೆ. ಆದ್ದರಿಂದ ಮೊದಲ ಕರೆಯನ್ನು ಬೇಗ ಮಾಡಿದಷ್ಟೂ ಒಳಿತು. ಆಂಬುಲೆನ್ಸ್‌ಗೆ 108, ಇತರ ತುರ್ತು ನೆರವಿಗೆ 112. ತರಚಿದ ಗಾಯಕ್ಕೆ ಕಾಫಿಪುಡಿ, ಮಣ್ಣು ಮುಂತಾದವನ್ನು ಮೆತ್ತದೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಶುಭ್ರ ಬಟ್ಟೆ ಕಟ್ಟಬೇಕು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಅಪಘಾತ ಕಂಡವರು ಪೊಲೀಸ್, ಕೋರ್ಟು ಎಂಬ ಅಂಜಿಕೆಯಿಂದ ದೂರ ನಿಲ್ಲಬೇಕಾಗಿಲ್ಲ. ಮೋಟಾರು ವಾಹನ ಕಾಯಿದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 134ಎ ವಿಧಿಯು ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ನೀಡುತ್ತದೆ. ಅದೇ ತಿದ್ದುಪಡಿಯ 199ಎ ವಿಧಿಯಂತೆ ಅಪ್ರಾಪ್ತರು ಮೋಟಾರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ಸೈಕಲ್ ಅಪಾಯವೆಂದು ಒಂಬತ್ತನೇ ತರಗತಿಯ ಮಗುವಿನ ಕೈಗೆ ಸ್ಕೂಟರ್ ಕೊಡುವ ಮನೆಗಳಿಗೆ ಈ ವಿಧಿ ನೇರವಾಗಿ ಅನ್ವಯಿಸುತ್ತದೆ.